ನಿರಾಶ್ರಿತರಿಗೆ ನೆಲೆ: ಸರ್ಕಾರದ ಪಾಲೆಷ್ಟು, ಸೇವಾಸಂಸ್ಥೆಯ ಪಾಲೆಷ್ಟು?

ಮನೆ ಕಳೆದುಕೊಂಡು ಬಂದವನಿಗೆ ಒಂದು ಹೊತ್ತು ಊಟ ಹಾಕುವುದು ಕಷ್ಟದ ಮಾತಲ್ಲ. ಆತ ತನ್ನ ಒಲೆಯನ್ನು ತಾನೇ ಹೊತ್ತಿಸಿಕೊಳ್ಳುವಂತೆ ಮಾಡುವುದು ಕಷ್ಟ. ಮೊದಲನೆಯದಕ್ಕೆ ಪರಿಹಾರವೆಂದು ಹೆಸರು. ಎರಡನೆಯದಕ್ಕೆ ಪುನರ್ವಸತಿ ಎಂದು ಹೆಸರು. ಪರಿಹಾರಕ್ಕೆ ಕೆಲವು ತಿಂಗಳು ಸಾಕು, ಪುನರ್ವಸತಿಗೆ ಇಪ್ಪತ್ತು ವರ್ಷವೂ ಸಾಲದು. ಇಂಥ ದೀರ್ಘವಾದ ಕೆಲಸವನ್ನು ಯಾರು ಮಾಡಬೇಕು? ಸರ್ಕಾರವೇ ಮಾಡಲಿ ಎನ್ನುವವರು ಕೆಲವರು. ದಾನಿಗಳು, ಸಂಘಸಂಸ್ಥೆಗಳು ಮಾಡಲಿ ಎನ್ನುವವರು ಇನ್ನು ಕೆಲವರು. ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಉದಾಹರಣೆ ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ.

ನಮ್ಮ ತಾಳವಾಡಿ ಸೀಮೆಗೆ ನೆರೆಯದಾದ ಕೊಳ್ಳೇಗಾಲದ ಕಾಡಂಚಿನಲ್ಲಿ ಒಡೆಯರಪಾಳ್ಯವೆಂಬ ಊರಿದೆ. ಅಲ್ಲಿ 1974ರ ಸುಮಾರಿಗೆ ನೆಲೆಗೊಂಡ ಟಿಬೆಟಿಯನ್ನರ ವಸತಿಗೆ ಧೋಂಡೆನ್‌ಲಿಂಗ್ ಎಂದು ಹೆಸರು. ಕರ್ನಾಟಕದಲ್ಲಿ ಇಂಥ ಐದು ವಸತಿಗಳಿವೆ. 1959ರ ಮಾರ್ಚ್‌ನಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯವನ್ನು ದಾಟಿ ಬಂದರು. ತುರ್ತು ನೆರವನ್ನು ಒಟ್ಟುಗೂಡಿಸಲು ಆಚಾರ್ಯ ಕೃಪಲಾನಿಯವರ ನೇತೃತ್ವದಲ್ಲಿ ಒಂದು ಕೇಂದ್ರ ಪರಿಹಾರ ಸಮಿತಿ ಏರ್ಪಟ್ಟಿತು. ಬಂದವರಲ್ಲಿ ಅನೇಕರು ಗುಡ್ಡಗಾಡಿನ ರಸ್ತೆ ಕೆಲಸಕ್ಕೆ ಹೋದರು. ಆದರೆ ಜೀವಮಾನವೆಲ್ಲ ರಸ್ತೆಯ ಬದಿಯ ಡೇರೆಯಲ್ಲಿ ಕಳೆಯುವುದು ಹೇಗೆ?

ಆಗ ಅಂದಿನ ಮೈಸೂರು ರಾಜ್ಯ ನೆಲ ಕೊಡಲು ಮುಂದೆ ಬಂದಿತು. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಅರಣ್ಯಭೂಮಿಯಲ್ಲಿ ಮೊದಲ ವಸತಿ ಆರಂಭವಾಯಿತು. ಮುಂದೆ 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿ, 1972ರಲ್ಲಿ ಹುಣಸೂರಿನ ಗುರುಪುರ, ಕೊನೆಗೆ ನಮ್ಮ ನೆರೆಯ ಒಡೆಯರಪಾಳ್ಯ. ನೆಲ ರಾಜ್ಯದ್ದು, ಹಣದ ಬಹುಪಾಲು ಹೊಣೆ ಕೇಂದ್ರದ್ದು. ಮಕ್ಕಳ ಓದಿಗೆಂದು ಭಾರತ ಸರ್ಕಾರ 1961ರಲ್ಲಿಯೇ ಒಂದು ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿ ಟಿಬೆಟಿಯನ್ನರ ಶಾಲೆಗಳನ್ನು ತೆರೆಯಿತು. ಇಂಥ ಕೆಲಸ ಯಾವ ಸಂಘದಿಂದಲೂ ಆಗತಕ್ಕದ್ದಲ್ಲ. ಕಾಡನ್ನು ಗೇಣಿಗೆ ಕೊಡುವ ಅಧಿಕಾರ ದಾನಿಗಳಿಗೆಲ್ಲಿದೆ?

ಆದರೆ ನೆಲ ಸಿಕ್ಕ ಮಾತ್ರಕ್ಕೆ ಬದುಕು ಸಿಕ್ಕಿತೆನ್ನಲಾಗದು. ತಂಪುನಾಡಿನಲ್ಲಿ ಬಾರ್ಲಿ ಬೆಳೆದು, ಕುರಿ-ಯಾಕ್ ಮೇಯಿಸಿಕೊಂಡಿದ್ದ ಜನ ನಮ್ಮ ಬಿಸಿಲಿಗೆ ಬಂದು ಬಿದ್ದರು. ಕಾಡು ಕಡಿಯಬೇಕು, ಬೇರು ಕೀಳಬೇಕು, ಬೆಳೆದದ್ದನ್ನು ಆನೆಯಿಂದ ಕಾಯಬೇಕು. ಕಾಯಿಲೆ ತಾಳಲಾರದೆ ಅನೇಕರು ತೀರಿಕೊಂಡರು. ಆನೆಯ ಕಾಟವೆಂದರೇನೆಂದು ನಮ್ಮ ಸೀಮೆಯ ತಂದೆತಾಯಿಗಳಿಗೆ ನಾವು ಹೇಳಬೇಕಾಗಿಲ್ಲ. ಇಂಥ ಕಡೆ ಆದೇಶದ ಕಾಗದಕ್ಕಿಂತ ಜೊತೆಯಲ್ಲಿ ನಿಲ್ಲುವ ಮನುಷ್ಯರು ಬೇಕಾಗುತ್ತಾರೆ. ಅಧಿಕಾರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಹೊಸ ಬೇಸಾಯ ಕಲಿಯುವವನಿಗೆ ಅಷ್ಟರಲ್ಲಿ ಮಳೆಯ ಲೆಕ್ಕವೂ ತಿಳಿದಿರುವುದಿಲ್ಲ.

ಈ ಕೊರತೆಯನ್ನು ತುಂಬಲೆಂದು 1968ರಲ್ಲಿ ಹುಟ್ಟಿದ ಸೇವಾಸಂಸ್ಥೆಯೇ ಮೈರಾಡ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಹೆಸರಿದು. ಸರ್ಕಾರದೊಡನೆ ಸೇರಿ ಸುಮಾರು 15,000 ಟಿಬೆಟಿಯನ್ನರ ಪುನರ್ವಸತಿಗೆ ಅದು ದುಡಿಯಿತು. ವಸತಿಗಳಲ್ಲಿ ಸಹಕಾರ ಸಂಘಗಳು ಬೆಳೆದವು. ಮುಸುಕಿನ ಜೋಳ ಮುಖ್ಯ ಬೆಳೆಯಾಯಿತು. ಟ್ರ್ಯಾಕ್ಟರ್ ರಿಪೇರಿ, ರತ್ನಗಂಬಳಿ ನೇಯ್ಗೆಗಳು ನಡೆದವು. ನಮಗೆ ಇದಕ್ಕಿಂತ ಮೆಚ್ಚುಗೆಯಾದ ಸಂಗತಿ ಇನ್ನೊಂದಿದೆ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ವಸತಿಗಳ ಜನ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳಬಲ್ಲರೆಂದು ಕಂಡಾಗ, ಆ ಸಂಸ್ಥೆ ಅಲ್ಲಿಂದ ಹಿಂದೆ ಸರಿಯತೊಡಗಿತು. ನಡೆಯಲು ಕಲಿತ ಮಗುವಿನ ಕೈಯನ್ನು ತಾಯಿ ಬಿಡುತ್ತಾಳಲ್ಲವೆ? ಬಿಡದಿದ್ದರೆ ಅದು ಪ್ರೀತಿಯಾದರೂ ಮಗುವಿಗೆ ಹಿತವಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮವರಲ್ಲೇ ಎಷ್ಟೋ ಜನಕ್ಕೆ ತುಂಡು ಭೂಮಿಯಿಲ್ಲದಿರುವಾಗ ಪರದೇಶದವರಿಗೆ ಎಕರೆಗಟ್ಟಲೆ ನೆಲ ಕೊಡುವುದು ನ್ಯಾಯವೇ? ಹೀಗೆ ಕೇಳುವವರನ್ನು ಕಲ್ಲೆದೆಯವರೆಂದು ನಾವು ಹಳಿಯಲಾರೆವು. ಬಡವನ ಹೊಟ್ಟೆಯ ಪ್ರಶ್ನೆ ಅದು. ಅದಕ್ಕೆ ಉತ್ತರವನ್ನು ಮಾತಿನಿಂದ ಕೊಡಲಾಗದು, ಕೆಲಸದಿಂದ ಕೊಡಬೇಕು. ಟಿಬೆಟಿಯನ್ನರ ವಸತಿಗಳಿಂದ ಹೊರಟ ಮೈರಾಡ ನಮ್ಮ ಹಳ್ಳಿಗಳ ಬಡವರ ಕಡೆಗೇ ತಿರುಗಿತು. ಮುಂದೆ ನಮ್ಮ ತಾಳವಾಡಿ ಭಾಗದಲ್ಲೂ ಕೆಲಸ ಮಾಡಿತು. 1984-85ರ ಸುಮಾರಿಗೆ ಕೆಲವೆಡೆ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಜನ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಡತೊಡಗಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆಯನ್ನು ಆರಂಭಿಸಿತು. ಇಂದು ನಮ್ಮ ತಾಯಂದಿರ ಕೈಯಲ್ಲಿರುವ ಸ್ವಸಹಾಯ ಸಂಘದ ಪಾಸ್‌ಪುಸ್ತಕಕ್ಕೂ ಪರದೇಶಿಗಳಿಗೆ ನೆಲೆ ಕಲ್ಪಿಸಲು ಹುಟ್ಟಿದ ಒಂದು ಸಂಸ್ಥೆಗೂ ಹೀಗೊಂದು ನಂಟಿದೆ. ಬಂದವರಿಗೆ ಮಾಡಿದ ಸೇವೆಯ ಫಲ ಇದ್ದವರಿಗೂ ದಕ್ಕಿತು.

ಎಲ್ಲವೂ ಸುಸೂತ್ರವಾಯಿತೆಂದು ನಾವು ಹೇಳುತ್ತಿಲ್ಲ. ಭಾರತವು 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ ನಿರಾಶ್ರಿತರ ಸ್ಥಾನಮಾನ ಸರ್ಕಾರದ ಆದೇಶಗಳನ್ನೇ ಅವಲಂಬಿಸಿದೆ. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪೌರರೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪಿತ್ತಿತು. ವಸತಿಗಳ ಭೂಮಿಯ ಗೇಣಿಯ ಬಗ್ಗೆ ಕೇಂದ್ರ ಸರ್ಕಾರ 2014ರಲ್ಲಿ ಒಂದು ನೀತಿಯನ್ನು ಹೊರಡಿಸಿತು. ಇವು ಸರ್ಕಾರವೇ ಬಗೆಹರಿಸಬೇಕಾದ ವಿಷಯಗಳು. ಸೇವಾಸಂಸ್ಥೆ ಎಷ್ಟು ಒಳ್ಳೆಯದಾದರೂ ಪೌರತ್ವವನ್ನು ಹಂಚಲಾರದು.

ನಮ್ಮ ಪಡುವಣ ದಿಕ್ಕಿನ ನೀಲಗಿರಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರವಿದೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕೂಲಿಗಾರರಿಗಾಗಿ ತಮಿಳುನಾಡು ಸರ್ಕಾರ 1968ರಲ್ಲಿ ಅಲ್ಲಿ ಟೀ ತೋಟಗಳನ್ನು ಆರಂಭಿಸಿತು. ಅವರಿಗೆ ಪೌರತ್ವ ಸಿಕ್ಕಿತು, ಕೆಲಸ ಸಿಕ್ಕಿತು. ಆದರೆ ವಾಸದ ಮನೆ ತೋಟದ ಕೆಲಸಕ್ಕೆ ಅಂಟಿಕೊಂಡದ್ದು. ನಿವೃತ್ತಿಯಾದರೆ ಮನೆ ಬಿಡಬೇಕೆಂಬ ಚಿಂತೆ ಆ ಕುಟುಂಬಗಳನ್ನು ಬಿಟ್ಟಿಲ್ಲ. ಒಂದು ಕಡೆ ಉಳಲು ನೆಲವುಂಟು, ಪೌರತ್ವದ ತೊಡಕು. ಇನ್ನೊಂದು ಕಡೆ ಪೌರತ್ವವುಂಟು, ಸ್ವಂತ ನೆಲವಿಲ್ಲ. ಎರಡೂ ಕೂಡಿದರೇ ಪುನರ್ವಸತಿ ಪೂರ್ಣವಾದೀತು.

1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಇಲ್ಲಿಯೇ ಉಳಿಯಿತು. ನಾವು ನಿರಾಶ್ರಿತರಲ್ಲ. ನಮ್ಮ ಮನೆ, ಹೊಲ ನಮ್ಮಲ್ಲಿಯೇ ಇವೆ. ಆದರೂ ಸುತ್ತಲಿನ ಆಡಳಿತದ ಭಾಷೆ ಬೇರೆಯಾದಾಗ ಮನೆಯ ಮಾತನ್ನು ಮಕ್ಕಳಿಗೆ ಉಳಿಸಿಕೊಡಲು ಒಂದು ಶಾಲೆ ಎಷ್ಟು ಮುಖ್ಯವೆಂಬುದನ್ನು ನಾವು ಬಲ್ಲೆವು. ಅದಕ್ಕೆಂದೇ ಟಿಬೆಟಿಯನ್ನರ ಶಾಲೆಗಳ ಬೆಲೆ ನಮಗೆ ಬೇಗ ಅರ್ಥವಾಗಬೇಕು.

ಚಳಿಗಾಲದಲ್ಲಿ ಪೇಟೆಯ ಬೀದಿಯಲ್ಲಿ ಸ್ವೆಟರ್ ಮಾರುವವರೆಂದಷ್ಟೇ ಅವರನ್ನು ಅರಿತರೆ ಸಾಲದು. ವಿದ್ಯಾರ್ಥಿ ಮಿತ್ರರೇ, ನಾಳೆ ನಮ್ಮಲ್ಲಿ ಕೆಲವರು ಸರ್ಕಾರಿ ಕಚೇರಿಯಲ್ಲಿ ಕುಳಿತೇವು, ಕೆಲವರು ಸಂಘಸಂಸ್ಥೆಗಳಲ್ಲಿ ದುಡಿದೇವು. ಮನೆ ಕಳೆದುಕೊಂಡವರು ಯಾರೇ ಬರಲಿ, ಅಧಿಕಾರವಿರುವವರು ಕಾಗದವನ್ನು ತಡಮಾಡದೆ ಕೊಡೋಣ. ಸೇವೆಗೆ ನಿಂತವರು ಅವರ ಬೆಳೆ ಕೈಗೆ ಬರುವವರೆಗೂ ಜೊತೆಯಲ್ಲಿರೋಣ. ಊರಿನ ಬಡವನನ್ನೂ ಆ ಲೆಕ್ಕದಲ್ಲಿ ಮರೆಯದಿರೋಣ.