ಹಳೇ ಫೋಟೋ ಕಥೆ, ಭಾಗ 6: ಟೇಬಲ್ ಮೇಲೆ ಮಲಗಿರೋರನ್ನ ಕೇಳಿದ್ರಾ?

ಕ್ಯಾಪ್ಶನ್ ಉದ್ದ ಇದೆ ಫ್ರೆಂಡ್ಸ್, ಪೂರ್ತಿ ಓದಿ ಆಮೇಲೆ ಬೈಯಿರಿ.

2024ರ ಫೆಬ್ರವರಿ ನೆನಪಿದ್ಯಾ? ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಲ್ಲಿ ಒಬ್ಬ ಗುತ್ತಿಗೆ ಡಾಕ್ಟರು ಪ್ರೀ-ವೆಡ್ಡಿಂಗ್ ಶೂಟ್ ಮಾಡಿಸಿದ್ರು. ಪಕ್ಕದಲ್ಲಿ ಮದುವೆ ಆಗೋ ಹುಡುಗಿ, ಟೇಬಲ್ ಮೇಲೆ ಡೂಪ್ಲಿಕೇಟ್ ಪೇಷೆಂಟು. ಕೊನೆಗೆ ಪೇಷೆಂಟ್ ಎದ್ದು ಕೂತ್ಕೊಂಡ! ವಿಡಿಯೋ ವೈರಲ್ ಆಯ್ತು, ಡಾಕ್ಟರ ಕೆಲಸ ಹೋಯ್ತು. ನಾವೆಲ್ಲ ಮೀಮ್ ಶೇರ್ ಮಾಡಿ ನಕ್ಕಿದ್ವಿ.

ಆದ್ರೆ ಆಪರೇಷನ್ನಿನ ತುಂಬಾ ಹಳೇ ಫೋಟೋಗಳಲ್ಲಿ ಒಂದು ಕೂಡ ಹೀಗೇ ನಾಟಕ ಅಂದ್ರೆ ನಂಬ್ತೀರಾ?

1846ರ ಅಕ್ಟೋಬರ್ 16. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ. ವಿಲಿಯಂ ಮಾರ್ಟನ್ ಅನ್ನೋ ದಂತವೈದ್ಯ ಈಥರ್ ಉಸಿರಾಡಿಸಿ ಪೇಷೆಂಟಿಗೆ ಮಂಪರು ಬರಿಸ್ತಾರೆ, ಸರ್ಜನ್ ಜಾನ್ ವಾರೆನ್ ಕತ್ತಿನ ಗಡ್ಡೆಗೆ ಕೈ ಹಾಕ್ತಾರೆ. ನೋವಿಲ್ಲದ ಆಪರೇಷನ್ ಸಾಧ್ಯ ಅಂತ ಲೋಕ ನಂಬಿದ ದಿನ ಅದು. ಫೋಟೋ ತೆಗೆಯೋಕೆ ಬಂದಿದ್ದ ಜೋಸೈಯಾ ಹಾಸ್ ರಕ್ತ ನೋಡಿ ತಲೆಸುತ್ತು ಬಂದು ಸುಮ್ಮನಾದರು ಅಂತಾರೆ. ಈಗ ಪುಸ್ತಕಗಳಲ್ಲಿ ಕಾಣೋ ಫೋಟೋ ಆಮೇಲೆ ಮತ್ತೆ ನಟಿಸಿ ತೆಗೆಸಿದ್ದು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಒಂದೇ ಒಂದು ಪ್ರತಿ, ನೆಗೆಟಿವ್ ಇಲ್ಲ.

ಅದೇ ಕಾಲದ ಈ ಫೋಟೋಗಳನ್ನ ಝೂಮ್ ಮಾಡಿ ನೋಡಿ. ಮಾಸ್ಕ್ ಇಲ್ಲ, ಗ್ಲೌಸ್ ಇಲ್ಲ, ಎಲ್ರೂ ಮದುವೆ ಮನೆಗೆ ಹೊರಟಂಗೆ ಕಪ್ಪು ಕೋಟು. ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಹಾಕಿ ಸೋಂಕು ತಡೀಬಹುದು ಅಂತ ಲಿಸ್ಟರ್ ಬರೆದಿದ್ದೇ 1867ರಲ್ಲಿ. ಅವರು ತೋರಿಸೋಕೆ ಹೊರಟಿದ್ದು ಈಥರ್, ನಮಗೆ ಕಾಣೋದು ತೊಳೆಯದ ಕೈ. ಅದಕ್ಕೇ ಥಿಯೇಟರ್ ಒಳಗೆ ಕ್ಯಾಮೆರಾನೇ ಬೇಡ ಅನ್ನೋರ ಜೊತೆ ನಾನಿಲ್ಲ.

ಆದ್ರೆ ಒಂದ್ ವಿಷ್ಯ ಕಾಡತ್ತೆ. ಆಗಿನ ಕ್ಯಾಮೆರಾ ಮುಂದೆ ಸೆಕೆಂಡುಗಟ್ಟಲೆ ಅಲ್ಲಾಡಬಾರದು. ಈಥರ್ ಕೊಟ್ಟ ಪೇಷೆಂಟ್ ಅಲ್ಲಾಡಲ್ಲ. ಬೇಡ ಅಂತಲೂ ಅನ್ನಲ್ಲ.

ಭರಮಸಾಗರದ್ದು ತಪ್ಪೇ, ಅದು ಜನರ ದುಡ್ಡಿನ ಜಾಗ. ಆದ್ರೂ ಅಲ್ಲಿ ಮಲಗಿದ್ದವನಿಗೆ ಕ್ಯಾಮೆರಾ ಇದೆ ಅಂತ ಗೊತ್ತಿತ್ತು. ನಮ್ಮ ಸ್ಟೋರಿಗಳಲ್ಲಿ ಇರೋರಿಗೆ?

ಹೋದ ವರ್ಷ ಇಲ್ಲೇ ಮಾರತ್ತಹಳ್ಳಿ ಹತ್ರ ನಮ್ಮ ದೊಡ್ಡಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. ಅವರಿಗೆ ಪ್ರಜ್ಞೆ ಬರೋ ಮುಂಚೆನೇ ಮೂಗಿಗೆ ನಳಿಗೆ ಹಾಕಿರೋ ಫೋಟೋ ಫ್ಯಾಮಿಲಿ ಗ್ರೂಪಿಗೆ, ಅಲ್ಲಿಂದ ಯಾರದೋ ಸ್ಟೇಟಸ್ಸಿಗೆ. ‘ಗೆಟ್ ವೆಲ್ ಸೂನ್’, ಕೈಮುಗಿಯೋ ಇಮೋಜಿ, ಎಲ್ಲಾ ಬಂತು. ಮೂರನೇ ದಿನ ದೊಡ್ಡಮ್ಮ ಫೋನ್ ನೋಡಿ ಕೇಳಿದ್ದು ಇಷ್ಟೇ: “ತಲೆ ಕೂಡ ಬಾಚಿರ್ಲಿಲ್ವಲ್ರೋ, ಯಾರನ್ನ ಕೇಳಿ ಹಾಕಿದ್ರಿ?” ಯಾರ ಹತ್ರನೂ ಉತ್ತರ ಇರ್ಲಿಲ್ಲ. ಪ್ರೀತಿಯಿಂದ ಹಾಕಿದ್ದು ಅಂದ್ರು. ಪ್ರೀತಿ ಇದ್ರೆ ಒಂದಿನ ಕಾಯೋಕೆ ಏನು ಕಷ್ಟ?

ಬಿಕಾಂನವರಿಗೆ ನಮ್ಮ ಭಾಷೇಲೇ ಹೇಳ್ತೀನಿ: ವೋಚರ್ ಇಲ್ದೆ ಎಂಟ್ರಿ ಇಲ್ಲ. ಮಂಪರಿಗೆ ಮುಂಚೆ ಅಥವಾ ಎಚ್ಚರ ಆದ್ಮೇಲೆ ಅವರೇ ಬಾಯಿಬಿಟ್ಟು ‘ಹೂಂ’ ಅಂದ್ರೆ ಅದು ವೋಚರ್. ಮಗ ಅಂದಿದ್ದು, ಗಂಡ ಅಂದಿದ್ದು ಲೆಕ್ಕಕ್ಕಿಲ್ಲ.

ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. ನರ್ಸಿಂಗ್ ಓದ್ತಿರೋರು ಮೊದಲು ಬರೀರಿ, ಒಳಗೆ ನಿಂತು ನೋಡೋರು ನೀವೇ.