ಜಾಕೆಟ್ ಇದೆ, ಲಂಗರು ಎಲ್ಲಿ? ವಿಹಾರ ದೋಣಿಗಳ ಸುರಕ್ಷತೆಯಲ್ಲಿ ಮರೆತುಹೋದ ಪಾಠ

ವಿಹಾರ ದೋಣಿಯೊಂದು ಮುಳುಗಿದ ಸುದ್ದಿ ಬಂದಾಗಲೆಲ್ಲ ಎರಡು ಪ್ರಶ್ನೆಗಳು ತಪ್ಪದೇ ಏಳುತ್ತವೆ. ದೋಣಿಯಲ್ಲಿ ಎಷ್ಟು ಮಂದಿ ಇದ್ದರು? ಅವರು ಲೈಫ್ ಜಾಕೆಟ್ ತೊಟ್ಟಿದ್ದರೇ? 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಮಂದಿ ಜಲಸಮಾಧಿಯಾದಾಗ ಕೇಳಿಬಂದದ್ದು ಇವೇ ಪ್ರಶ್ನೆಗಳು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಸತ್ತಾಗಲೂ, 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ 12 ಶಾಲಾ ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಪ್ರಾಣ ಕಳೆದುಕೊಂಡಾಗಲೂ ಚರ್ಚೆ ಈ ಎರಡರ ಸುತ್ತಲೇ ಗಿರಕಿ ಹೊಡೆಯಿತು.

ಪ್ರಶ್ನೆಗಳು ನ್ಯಾಯವಾದವೇ. ಮಿತಿ ಮೀರಿ ಜನರನ್ನು ತುಂಬಿದ ದೋಣಿಯನ್ನು ಯಾವ ಕೌಶಲವೂ ಉಳಿಸಲಾರದು. ಆದರೆ ತಲೆ ಎಣಿಸುವುದು, ಜಾಕೆಟ್ ಎಣಿಸುವುದು ದಡದಲ್ಲಿ ನಿಂತ ಯಾರಿಗಾದರೂ ಸಾಧ್ಯವಾದ ಕೆಲಸ. ಆದೇಶ ಹೊರಡಿಸುವುದೂ ಸುಲಭ, ಪಾಲಿಸಿದ್ದೇವೆಂದು ಛಾಯಾಚಿತ್ರ ತೆಗೆಸಿಕೊಳ್ಳುವುದೂ ಸುಲಭ. ಚುಕ್ಕಾಣಿ ಹಿಡಿದ ವ್ಯಕ್ತಿಗೆ ದೋಣಿ ನಡೆಸಲು, ಅದಕ್ಕಿಂತ ಮುಖ್ಯವಾಗಿ ದೋಣಿ ನಿಲ್ಲಿಸಲು ಬರುತ್ತದೆಯೇ ಎಂಬ ಮೂರನೆಯ ಪ್ರಶ್ನೆ ಮಾತ್ರ ಬಹುತೇಕ ಕೇಳಿಬರುವುದೇ ಇಲ್ಲ. ಈ ಕೌಶಲವನ್ನು ಅಳೆಯಲು ಲಂಗರಿಗಿಂತ ಸರಳವಾದ ಸಾಧನ ಇನ್ನೊಂದಿಲ್ಲ.

ಲಂಗರೇ ಮಗುಚಿದ ದೋಣಿ

ಈ ಮಾತಿಗೆ ಅತ್ಯಂತ ಕಠೋರವಾದ ನಿದರ್ಶನ ದೊರೆಯುವುದು ಅಮೆರಿಕದ ಫ್ಲಾರಿಡಾದಲ್ಲಿ. 2009ರ ಫೆಬ್ರವರಿ 28ರಂದು ಕ್ಲಿಯರ್‌ವಾಟರ್‌ನಿಂದ 21 ಅಡಿ ಉದ್ದದ ದೋಣಿಯಲ್ಲಿ ನಾಲ್ವರು ಗೆಳೆಯರು ಮೀನು ಹಿಡಿಯಲು ಮೆಕ್ಸಿಕೊ ಕೊಲ್ಲಿಯತ್ತ ಹೊರಟರು. ಇಬ್ಬರು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರು, ಇನ್ನಿಬ್ಬರು ಕಾಲೇಜು ತಂಡದಲ್ಲಿ ಆಡಿದ್ದವರು. ನಾಲ್ವರೂ ಕಟ್ಟುಮಸ್ತಾದ ಯುವಕರು. ದೋಣಿಯಲ್ಲಿ ಅತಿಭಾರವಿರಲಿಲ್ಲ. ಎಂಜಿನ್ ಕೆಟ್ಟಿರಲಿಲ್ಲ.

ಮರಳುವ ಹೊತ್ತಿಗೆ ಲಂಗರು ಕಡಲ ತಳದಲ್ಲಿ ಸಿಕ್ಕಿಕೊಂಡಿತು. ಕೈಯಿಂದ ಎಳೆದರೂ ಬಾರದಾದಾಗ ಅವರು ಲಂಗರಿನ ಹಗ್ಗವನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿ, ಎಂಜಿನ್ನಿನ ಬಲದಿಂದ ಕಿತ್ತು ತೆಗೆಯಲು ಮುಂದಕ್ಕೆ ಓಡಿಸಿದರು. ಲಂಗರು ಅಲುಗಲಿಲ್ಲ. ಹಗ್ಗ ಬಿಗಿದು ದೋಣಿಯ ಹಿಂಭಾಗವನ್ನೇ ನೀರಿನೊಳಕ್ಕೆ ಎಳೆಯಿತು, ದೋಣಿ ಮಗುಚಿತು. ಮಗುಚಿದ ಬಳಿಕ ಜಾಕೆಟ್‌ಗಳು ಕೈಗೆ ಸಿಕ್ಕಿದವಾದರೂ ತಣ್ಣೀರು ಮತ್ತು ಅಲೆಗಳ ಹೊಡೆತಕ್ಕೆ ಮೂವರು ಒಬ್ಬೊಬ್ಬರಾಗಿ ಅಸುನೀಗಿದರು. ಮಾರ್ಚ್ 2ರಂದು ತಟರಕ್ಷಕರು ತಲೆಕೆಳಗಾದ ದೋಣಿಯ ಮೇಲೆ ಕುಳಿತಿದ್ದ ಒಬ್ಬನನ್ನು ಜೀವಂತವಾಗಿ ಪತ್ತೆಹಚ್ಚಿದರು. ಫ್ಲಾರಿಡಾದ ಮೀನು ಮತ್ತು ವನ್ಯಜೀವಿ ಆಯೋಗದ ತನಿಖೆ ದುರಂತದ ಮೂಲ ಕಾರಣವನ್ನು ಲಂಗರು ಕಟ್ಟಿದ ರೀತಿಯಲ್ಲೇ ಗುರುತಿಸಿತು.

ಬೇಕಾಗಿದ್ದದ್ದು ಒಂದು ಚಾಕು ಮಾತ್ರ. ಹಗ್ಗ ಕತ್ತರಿಸಿದ್ದರೆ ಲಂಗರು ಹೋಗುತ್ತಿತ್ತು, ನಾಲ್ವರೂ ಮನೆ ಸೇರುತ್ತಿದ್ದರು. ಅನುಭವಿ ಮೀನುಗಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವಾರಾಂತ್ಯದ ವಿಹಾರಿಗೆ ಹೇಳಿಕೊಡಲೇಬೇಕು.

ಹಿಂಭಾಗಕ್ಕೆ ಏಕೆ ಕಟ್ಟಬಾರದೆಂಬುದಕ್ಕೆ ಕಾರಣ ಸರಳ. ಸಣ್ಣ ದೋಣಿಯ ಮೂತಿ ಎತ್ತರವಾಗಿದ್ದು ಅಲೆಯನ್ನು ಸೀಳುವಂತೆ ರೂಪುಗೊಂಡಿರುತ್ತದೆ. ಹಿಂಭಾಗ ತಗ್ಗು ಮತ್ತು ಚಪ್ಪಟೆ. ಎಂಜಿನ್ನಿನ ಭಾರವೂ ಅಲ್ಲಿಯೇ, ಬಹುತೇಕ ವೇಳೆ ಪ್ರಯಾಣಿಕರ ಭಾರವೂ ಅಲ್ಲಿಯೇ. ಲಂಗರಿನ ಎಳೆತವೂ ಅದೇ ಜಾಗಕ್ಕೆ ಬಿದ್ದರೆ ನೀರು ಒಳನುಗ್ಗಲು ಎರಡು ಅಲೆಗಳು ಸಾಕು. ಆದರೂ ಮೂತಿಯವರೆಗೆ ನಡೆದುಹೋಗುವ ತೊಂದರೆ ತಪ್ಪಿಸಿಕೊಳ್ಳಲು ಚಾಲಕರು ಮಾಡುವುದು ಇದನ್ನೇ.

ಹಗ್ಗದ ಲೆಕ್ಕ

ಲಂಗರು ತನ್ನ ಭಾರದಿಂದಲೇ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ದಡದವರ ಸಾಮಾನ್ಯ ನಂಬಿಕೆ. ಸಣ್ಣ ದೋಣಿಯ ಲಂಗರು ನಿಲ್ಲಿಸುವುದು ಭಾರದಿಂದಲ್ಲ, ನೆಲಕ್ಕೆ ಕಚ್ಚಿಕೊಳ್ಳುವುದರಿಂದ. ಕಚ್ಚಿಕೊಳ್ಳಬೇಕಾದರೆ ಎಳೆತ ನೆಲಕ್ಕೆ ಸಮಾನಾಂತರವಾಗಿರಬೇಕು. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗುತ್ತದೆ, ಲಂಗರು ಕಿತ್ತುಬರುತ್ತದೆ. ಈ ಕಾರಣಕ್ಕೇ ನೀರಿನ ಆಳದ 5ರಿಂದ 7 ಪಟ್ಟು ಹಗ್ಗ ಬಿಡಬೇಕೆಂಬ ನಿಯಮ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಗಾಳಿ ಬಲವಾದರೆ ಇನ್ನೂ ಹೆಚ್ಚು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಆಳವೆಂದರೆ ಕೇವಲ ನೀರಿನ ಆಳವಲ್ಲ. ನೀರಿನ ಮಟ್ಟದಿಂದ ದೋಣಿಯ ಮೂತಿಯ ಎತ್ತರವನ್ನೂ, ಮುಂದೆ ಏರಲಿರುವ ಉಬ್ಬರವನ್ನೂ ಕೂಡಿಸಬೇಕು. ನೀರು 3 ಮೀಟರ್, ಮೂತಿ 1 ಮೀಟರ್, ಏರಲಿರುವ ಉಬ್ಬರ 1 ಮೀಟರ್ ಎಂದಿಟ್ಟುಕೊಂಡರೆ ಲೆಕ್ಕ ಹಿಡಿಯಬೇಕಾದದ್ದು 5 ಮೀಟರ್, ಬಿಡಬೇಕಾದ ಹಗ್ಗ 25ರಿಂದ 35 ಮೀಟರ್. ಇಳಿತದ ಹೊತ್ತಿನಲ್ಲಿ ನೀರನ್ನಷ್ಟೇ ನೋಡಿ 9 ಮೀಟರ್ ಹಗ್ಗ ಬಿಟ್ಟು ದಡಕ್ಕೆ ಇಳಿದುಹೋದ ಚಾಲಕ, ಮಧ್ಯಾಹ್ನ ಮರಳುವಾಗ ದೋಣಿ ಬಂಡೆಗೆ ಬಡಿಯುತ್ತಿರುವುದನ್ನು ಕಾಣಬೇಕಾದೀತು.

ಹಗ್ಗ ಮತ್ತು ಲಂಗರಿನ ನಡುವೆ ಕೆಲವು ಮೀಟರ್ ಸರಪಳಿ ಇದ್ದರೆ ಅದು ತಳದಲ್ಲಿ ಮಲಗಿ ಎಳೆತವನ್ನು ಅಡ್ಡಲಾಗಿಸುತ್ತದೆ, ಬಂಡೆಗೆ ಉಜ್ಜಿ ಹಗ್ಗ ಸವೆಯುವುದನ್ನೂ ತಪ್ಪಿಸುತ್ತದೆ. ಮರಳು ಮತ್ತು ಕೆಸರಿಗೆ ಅಗಲ ಅಲಗುಗಳ ಡ್ಯಾನ್‌ಫೋರ್ತ್ ಮಾದರಿ ಒಗ್ಗುತ್ತದೆ. ಕಲ್ಲುತಳಕ್ಕೆ ಕೊಕ್ಕೆಗಳ ಲಂಗರು. ಲಂಗರನ್ನು ಎಸೆಯಬಾರದು, ಇಳಿಸಬೇಕು. ಎಸೆದಾಗ ಸರಪಳಿ ಅದಕ್ಕೇ ಸುತ್ತಿಕೊಳ್ಳುವ ಸಂಭವ ಹೆಚ್ಚು, ಹಗ್ಗ ಕಾಲಿಗೆ ಸುತ್ತಿಕೊಳ್ಳುವ ಅಪಾಯವೂ ಇದ್ದೇ ಇದೆ. ಲಂಗರು ಇಳಿಸಿದ ಮೇಲೆ ದೋಣಿಯನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ ಕಚ್ಚಿತೇ ಎಂದು ಪರೀಕ್ಷಿಸಬೇಕು. ಬಳಿಕ ದಡದ ಎರಡು ಗುರುತುಗಳನ್ನು, ಒಂದು ತೆಂಗಿನ ಮರ, ಒಂದು ದೀಪಸ್ತಂಭ ಎಂಬಂತೆ, ಸಾಲುಗೂಡಿಸಿ ನೋಡಿಟ್ಟುಕೊಳ್ಳಬೇಕು. ಸಾಲು ತಪ್ಪಿದರೆ ಲಂಗರು ಜಾರುತ್ತಿದೆ ಎಂದೇ ಅರ್ಥ. ದುಬಾರಿ ಉಪಕರಣ ಬೇಡುವ ವಿದ್ಯೆಯಲ್ಲ ಇದು.

ನಿಂತ ದೋಣಿಗೂ ಕಾನೂನು ಇದೆ. ಸಮುದ್ರದಲ್ಲಿ ಡಿಕ್ಕಿ ತಡೆಯಲು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳ 30ನೆಯ ನಿಯಮದಂತೆ ಲಂಗರು ಹಾಕಿದ ಸಣ್ಣ ದೋಣಿ ಹಗಲಿನಲ್ಲಿ ಕಪ್ಪು ಚೆಂಡಿನ ಗುರುತನ್ನೂ, ಇರುಳಿನಲ್ಲಿ ಎಲ್ಲ ದಿಕ್ಕಿಗೆ ಕಾಣುವ ಬಿಳಿ ದೀಪವನ್ನೂ ತೋರಿಸಬೇಕು. 7 ಮೀಟರ್‌ಗಿಂತ ಚಿಕ್ಕ ದೋಣಿಗೆ ವಿನಾಯಿತಿ ಉಂಟು, ಆದರೆ ಇತರ ದೋಣಿಗಳು ಓಡಾಡುವ ಜಾಗದಿಂದ ದೂರವಿದ್ದಾಗ ಮಾತ್ರ. ವಿಹಾರ ದೋಣಿಗಳು ನಿಲ್ಲುವುದೇ ಅಂಥ ಜಾಗಗಳಲ್ಲಿ.

ಅಳಿವೆಯ ಅಪಾಯ

ಕರ್ನಾಟಕದ ಕರಾವಳಿಗೆ ಈ ಪಾಠ ಏಕೆ ಮುಖ್ಯವೆಂದರೆ, ಇಲ್ಲಿನ ವಿಹಾರದ ದೊಡ್ಡ ಪಾಲು ಅಳಿವೆಗಳಲ್ಲಿ ಮತ್ತು ಅಳಿವೆಯಾಚೆಯ ನಡುಗಡ್ಡೆಗಳಲ್ಲಿ ನಡೆಯುತ್ತದೆ. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ಮುರ್ಡೇಶ್ವರದಿಂದ ನೇತ್ರಾಣಿ. ನದಿಯ ಇಳಿನೀರು ಕಡಲ ಅಲೆಗೆ ಎದುರಾಗುವ ಅಳಿವೆ ಬಾಗಿಲಿನಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಅಲ್ಲಿ ಎಂಜಿನ್ ಕೈಕೊಟ್ಟರೆ ದೋಣಿ ಕ್ಷಣಾರ್ಧದಲ್ಲಿ ಅಲೆಗೆ ಅಡ್ಡ ತಿರುಗುತ್ತದೆ. ಗಾಬರಿಗೊಂಡ ಪ್ರಯಾಣಿಕರು ಒಂದೇ ಬದಿಗೆ ಸರಿದರೆ ಮುಂದಿನದು ಊಹಿಸಬಹುದಾದದ್ದೇ. ಆ ಕ್ಷಣದಲ್ಲಿ ಮೂತಿಯಿಂದ ಇಳಿಸಿದ ಲಂಗರು ದೋಣಿಯ ಮುಖವನ್ನು ಅಲೆಯತ್ತ ತಿರುಗಿಸಿ ನಿಲ್ಲಿಸಬಲ್ಲದು, ನೆರವು ಬರುವವರೆಗೆ ಹೊತ್ತು ಒದಗಿಸಬಲ್ಲದು. ಎಂಜಿನ್ ಇಲ್ಲದ ದೋಣಿಗೆ ಇರುವ ಏಕೈಕ ಬ್ರೇಕು ಅದು. ಅದು ಸಾಮಾನುಗಳ ಅಡಿಯಲ್ಲಿ ಹೂತುಹೋಗಿದ್ದರೆ, ಹಗ್ಗ ಗಂಟುಗಂಟಾಗಿದ್ದರೆ ಇದ್ದೂ ಇಲ್ಲದಂತೆ.

ಕರಾವಳಿಯ ಮೀನುಗಾರ ಸಮುದಾಯಗಳಿಗೆ ಇದು ಹೊಸ ವಿದ್ಯೆಯಲ್ಲ. ಅಳಿವೆಯ ಮರಳದಿಬ್ಬ ಈ ವರ್ಷ ಎತ್ತ ಸರಿದಿದೆ, ಯಾವ ಹೊತ್ತಿನ ಇಳಿತದಲ್ಲಿ ದಾಟಬಾರದು ಎಂಬುದನ್ನು ಅನುಭವಿ ತಾಂಡೇಲರು ಬಾಯಿಪಾಠದಂತೆ ಬಲ್ಲರು. ತೊಡಕಿರುವುದು ಪ್ರವಾಸೋದ್ಯಮ ಬೆಳೆದ ವೇಗದಲ್ಲಿ. ದೋಣಿ ಕೊಳ್ಳಲು ಬಂಡವಾಳ ಸಾಕು, ಈ ತಿಳಿವಳಿಕೆ ಬಂಡವಾಳದೊಂದಿಗೆ ಬರುವುದಿಲ್ಲ. ತಾನೂರಿನಲ್ಲಿ ಮುಳುಗಿದ್ದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮೇಲೊಂದು ಅಟ್ಟ ಕಟ್ಟಿದ್ದ ವಿಹಾರ ನೌಕೆ ಎಂಬುದು ಇಲ್ಲಿ ನೆನಪಿಡತಕ್ಕದ್ದು.

ಕಾನೂನಿನ ಕೊರತೆ ಎಂದು ಕೈತೊಳೆದುಕೊಳ್ಳುವಂತಿಲ್ಲ. 1917ರ ಕಾಯ್ದೆಯನ್ನು ಬದಿಗಿರಿಸಿ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ 2022ರ ಜೂನ್ 7ರಿಂದ ಜಾರಿಯಲ್ಲಿದೆ. ನೋಂದಣಿ, ತಪಾಸಣೆ, ವಿಮೆ, ಸುರಕ್ಷಾ ಸಲಕರಣೆಗಳ ಜೊತೆಗೆ ಸಿಬ್ಬಂದಿಯ ಅರ್ಹತಾ ಪತ್ರವನ್ನೂ ಅದು ಬಯಸುತ್ತದೆ. ಆದರೆ ಅರ್ಹತಾ ಪತ್ರಕ್ಕೆ ಮುನ್ನ ಅಭ್ಯರ್ಥಿ ನೀರಿನ ಮೇಲೆ ಏನು ಮಾಡಿ ತೋರಿಸಬೇಕು ಎಂಬಲ್ಲಿಯೇ ಗುಣಮಟ್ಟ ನಿರ್ಧಾರವಾಗುವುದು. ಅಳಿವೆ ದಾಟಿ ನಡುಗಡ್ಡೆಗೆ ಹೊರಡುವ ದೋಣಿ ಒಂದೇ ಪಯಣದಲ್ಲಿ ನದಿಯನ್ನೂ ಕಡಲನ್ನೂ ಕಾಣುತ್ತದೆ. ಕೆರೆಯಲ್ಲಿ ಪೆಡಲ್ ದೋಣಿ ನೋಡಿಕೊಳ್ಳುವವನಿಗೂ ಈ ಚಾಲಕನಿಗೂ ಒಂದೇ ಅಳತೆಗೋಲು ಸಲ್ಲದು.

ಹೊರದೇಶಗಳಲ್ಲಿಯೂ ಏಕರೂಪದ ಉತ್ತರವಿಲ್ಲ. ಜರ್ಮನಿಯಲ್ಲಿ 15 ಅಶ್ವಶಕ್ತಿಗಿಂತ ಹೆಚ್ಚಿನ ವಿಹಾರ ದೋಣಿಗೆ ಪರವಾನಗಿ ಕಡ್ಡಾಯ. ಬ್ರಿಟನ್ನಿನಲ್ಲಿ ಸ್ವಂತ ವಿಹಾರ ದೋಣಿಯನ್ನು ಕಡಲಿಗಿಳಿಸಲು ಕಡ್ಡಾಯ ಪರವಾನಗಿಯಿಲ್ಲ, ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಸ್ವಯಂಪ್ರೇರಿತ ತರಬೇತಿಯೇ ಆಧಾರ. ಅಮೆರಿಕದ ತಟರಕ್ಷಕ ದಳದ 2023ರ ಅಂಕಿಅಂಶ ಮಾತ್ರ ಕಣ್ತೆರೆಸುವಂತಿದೆ. ಆ ವರ್ಷ ವಿಹಾರ ದೋಣಿ ಅಪಘಾತಗಳಲ್ಲಿ 564 ಮಂದಿ ಸತ್ತರು. ಮುಳುಗಿ ಸತ್ತವರಲ್ಲಿ ಶೇ. 87 ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಚಾಲಕನ ತರಬೇತಿಯ ವಿವರ ತಿಳಿದುಬಂದ ಪ್ರಕರಣಗಳ ಪೈಕಿ ಶೇ. 75ರಷ್ಟು ಸಾವುಗಳು ಸುರಕ್ಷತಾ ತರಬೇತಿ ಪಡೆಯದವರು ನಡೆಸುತ್ತಿದ್ದ ದೋಣಿಗಳಲ್ಲಿ ಸಂಭವಿಸಿದವು. ನಮ್ಮ ಚರ್ಚೆ ಮೊದಲ ಅಂಕಿಯಲ್ಲಿಯೇ ನಿಂತುಬಿಡುತ್ತದೆ.

ತರಬೇತಿಗೆ ದೂರ ಹೋಗಬೇಕಾಗಿಯೂ ಇಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಕಾರವಾರದ ನೆರೆಯ ಗೋವಾದಲ್ಲಿಯೇ ಇದೆ. ಅಲ್ಲಿಗೆ ಕಳುಹಿಸಲಾಗದಿದ್ದರೆ ನಿವೃತ್ತ ತಾಂಡೇಲರನ್ನೇ ಪರೀಕ್ಷಕರನ್ನಾಗಿ ಕೂರಿಸಬಹುದು. ಗೌರವಧನ ಕೊಟ್ಟು ಕರೆದರೆ ಬಾರದಿರಲು ಅವರಿಗೆ ಕಾರಣವಿಲ್ಲ.

ನೇತ್ರಾಣಿಯ ವಿಷಯ ಕೊಂಚ ಬೇರೆ. ಅಲ್ಲಿ ಮುಳುಗುಗಾರರನ್ನು ಸೆಳೆಯುವುದೇ ಹವಳ. ಹವಳದ ಮೇಲೆ ಬಿದ್ದ ಲಂಗರು ದೋಣಿಯನ್ನು ಉಳಿಸಿದರೂ ನೋಡಬಂದದ್ದನ್ನೇ ಪುಡಿಗಟ್ಟುತ್ತದೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಲಂಗರು ನಿಷೇಧಿತ ವಲಯಗಳನ್ನು ಗುರುತಿಸಿ, ದೋಣಿ ಕಟ್ಟಲು ಸಾರ್ವಜನಿಕ ತೇಲುಬುರುಡೆಗಳನ್ನು ಒದಗಿಸಲಾಗಿದೆ. ಅಂಥ ಜಾಗದಲ್ಲಿ ಲಂಗರು ಹಾಕದಿರುವುದೇ ನಾವಿಕತನ.

ಮಳೆಗಾಲದ ತಡೆ ಮುಗಿದು ಪ್ರತಿ ವರ್ಷ ನಡುಗಡ್ಡೆಗಳಿಗೆ ದೋಣಿ ಸಂಚಾರ ಮರಳಿ ಆರಂಭವಾಗುವ ಮುನ್ನ ಕೆಲವು ದಿನಗಳ ಅವಕಾಶ ಸಿಗುತ್ತದೆ. ಪ್ರತಿ ಚಾಲಕನನ್ನು ದೋಣಿಯೊಂದಿಗೆ ಅಳಿವೆಯ ಒಳನೀರಿಗೆ ಕರೆದೊಯ್ದು, ಎಂಜಿನ್ ಆರಿಸಿ, ಲಂಗರು ಇಳಿಸಿ ನಿಲ್ಲಿಸಿ ತೋರಿಸು ಎನ್ನಲು ತಲಾ ಅರ್ಧ ಗಂಟೆ ಸಾಕು. ಹಗ್ಗ ಎಷ್ಟು ಮೀಟರ್ ಇದೆ, ಅದರ ಇನ್ನೊಂದು ತುದಿಯನ್ನು ದೋಣಿಯ ಮೂತಿಗೆ ಕಟ್ಟಲಾಗಿದೆಯೇ, ಚಾಕು ಎಲ್ಲಿದೆ ಎಂಬುದೂ ಅಷ್ಟರಲ್ಲಿಯೇ ತಿಳಿದುಬಿಡುತ್ತದೆ.