ಕತ್ತರಿಸಿದ ನಗೆ: ಅಮೆರಿಕದ ದೂರದರ್ಶನ ಹಾಸ್ಯ ಮತ್ತು ಪ್ರಸಾರಸಂಸ್ಥೆಯ ಸೆನ್ಸಾರ್

ಸೆನ್ಸಾರ್ ಎಂದೊಡನೆ ಕನ್ನಡ ಸಂಸ್ಕೃತಿಚಿಂತನೆಯ ದೃಷ್ಟಿ ಪ್ರಭುತ್ವದ ಕಡೆಗೇ ಹೊರಳುತ್ತದೆ. ಇದಕ್ಕೆ ಚಾರಿತ್ರಿಕ ಕಾರಣಗಳಿವೆ. ವಸಾಹತು ಆಡಳಿತ 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯಿದೆಯಿಂದ ಹಿಡಿದು 1952ರ ಸಿನಿಮಾಟೋಗ್ರಾಫ್ ಕಾಯಿದೆಯವರೆಗೆ ಕತ್ತರಿ ಹಿಡಿದ ಕೈ ಬಹುಮಟ್ಟಿಗೆ ಸರ್ಕಾರದ್ದೇ. ಆದರೆ ಕತ್ತರಿ ಖಾಸಗಿ ಸಂಸ್ಥೆಯ ಕೈಯಲ್ಲಿದ್ದಾಗ ವಿಡಂಬನೆಯ ಗತಿಯೇನು? ಈ ಪ್ರಶ್ನೆಗೆ ಅಮೆರಿಕದ ಸಿಬಿಎಸ್ ಜಾಲದಲ್ಲಿ 1967ರಿಂದ 1969ರವರೆಗೆ ಪ್ರಸಾರವಾದ ‘ದಿ ಸ್ಮದರ್ಸ್ ಬ್ರದರ್ಸ್ ಕಾಮಿಡಿ ಅವರ್’ ಮಹತ್ವದ ನಿದರ್ಶನ.

ಟಾಮ್ ಮತ್ತು ಡಿಕ್ ಸ್ಮದರ್ಸ್ ಸಹೋದರರು ಮೂಲತಃ ಜಾನಪದ ಗೀತೆಗಳನ್ನು ಹಾಡುತ್ತ ನಗಿಸುತ್ತಿದ್ದ ಜೋಡಿ. ಅಣ್ಣ ಟಾಮ್ ತೊದಲುವ ಪೆದ್ದ, ತಮ್ಮ ಡಿಕ್ ತಿದ್ದುವ ಜಾಣ. ಅಮ್ಮನಿಗೆ ತಮ್ಮನೇ ಹೆಚ್ಚು ಪ್ರಿಯ ಎಂಬುದು ಅಣ್ಣನ ನಿತ್ಯದ ದೂರು. ಭಾನುವಾರ ರಾತ್ರಿ ಎನ್‌ಬಿಸಿಯ ಜನಪ್ರಿಯ ‘ಬೊನಾಂಝಾ’ದ ಎದುರು ಇಂಥ ನಿರುಪದ್ರವಿ ಜೋಡಿಯನ್ನು ನಿಲ್ಲಿಸಿದ ಸಿಬಿಎಸ್, ಯುದ್ಧವಿರೋಧಿ ಕಾರ್ಯಕ್ರಮವನ್ನೇನೂ ಬಯಸಿರಲಿಲ್ಲ. ವಿಯೆಟ್ನಾಂ ಯುದ್ಧ ತೀವ್ರವಾದಂತೆ ಪೆದ್ದನ ಬಾಯಿಂದ ಬರುವ ಮಾತಿಗೆ ಬೇರೆಯೇ ತೂಕ ಬಂತು.

ಮೊದಲ ವರ್ಷದಲ್ಲೇ ಟಾಮ್ ಮತ್ತು ಎಲೇನ್ ಮೇ ಚಲನಚಿತ್ರ ಸೆನ್ಸಾರರಾಗಿ ನಟಿಸಿದ ಪ್ರಹಸನವನ್ನು ಸಿಬಿಎಸ್ಸಿನ ಸೆನ್ಸಾರರು ತಡೆದರು. ಸೆನ್ಸಾರನ್ನು ಕುರಿತ ನಗೆಯೇ ಸೆನ್ಸಾರಿಗೆ ಗುರಿಯಾದದ್ದು ಕಾರ್ಯಕ್ರಮದ ಯಾವ ಪ್ರಹಸನಕ್ಕೂ ಕಡಿಮೆಯಿಲ್ಲದ ವಿನೋದ. ಪೀಟ್ ಸೀಗರ್ ಪ್ರಸಂಗ ಇನ್ನಷ್ಟು ಅರ್ಥಗರ್ಭಿತ. ಎಡಪಂಥೀಯನೆಂಬ ಕಾರಣಕ್ಕೆ ಸುಮಾರು 17 ವರ್ಷ ಜಾಲಗಳಿಂದ ದೂರವಿಡಲ್ಪಟ್ಟಿದ್ದ ಈ ಗಾಯಕನನ್ನು ಸಹೋದರರು 1967ರ ಸೆಪ್ಟೆಂಬರಿನಲ್ಲಿ ಕರೆತಂದರು. ಅವನ ‘ವೇಸ್ಟ್ ಡೀಪ್ ಇನ್ ದ ಬಿಗ್ ಮಡ್ಡಿ’ ಹಾಡು 1942ರ ಸೈನಿಕ ತರಬೇತಿಯ ಕಥೆ: ನದಿಯ ಆಳವರಿಯದ ನಾಯಕನೊಬ್ಬ ತನ್ನ ದಳವನ್ನು ಮುಂದಕ್ಕೆ ನೂಕುತ್ತಾನೆ. ವಿಯೆಟ್ನಾಮಿನ ಹೆಸರಾಗಲಿ ಅಧ್ಯಕ್ಷ ಜಾನ್ಸನ್ನರ ಹೆಸರಾಗಲಿ ಅದರಲ್ಲಿಲ್ಲ. ಆದರೂ ಸಿಬಿಎಸ್ ಹಾಡನ್ನು ಕತ್ತರಿಸಿತು. ಆಕ್ಷೇಪಕ್ಕೆ ಒಳಗಾದದ್ದು ವಾಚ್ಯಾರ್ಥವಲ್ಲ, ಧ್ವನಿ! ಅಂದರೆ ಸೆನ್ಸಾರನೂ ಇಲ್ಲಿ ಒಬ್ಬ ಸಹೃದಯನೇ, ಭಯಗ್ರಸ್ತ ಸಹೃದಯ. ಸಾರ್ವಜನಿಕ ಟೀಕೆಯ ಬಳಿಕ ಅದೇ ಹಾಡು 1968ರ ಫೆಬ್ರವರಿ 25ರಂದು ಪ್ರಸಾರವಾಯಿತು. ಎರಡು ದಿನಗಳ ನಂತರ ಅದೇ ಸಿಬಿಎಸ್ಸಿನಲ್ಲಿ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ಯುದ್ಧ ಬಿಕ್ಕಟ್ಟಿನಲ್ಲಿ ಸಿಲುಕಿದೆಯೆಂದು ನೇರವಾಗಿಯೇ ಹೇಳಿದರು. ಸುದ್ದಿಗೆ ದಕ್ಕಿದ ಈ ಗಾಂಭೀರ್ಯದ ಹಕ್ಕು ಹಾಸ್ಯಕ್ಕೆ ದಕ್ಕಲಿಲ್ಲ.

ಸೆನ್ಸಾರನ ಸಹೃದಯತೆಗೂ ಮಿತಿಗಳಿದ್ದವು. ಲೀ ಫ್ರೆಂಚ್ ನಟಿಸುತ್ತಿದ್ದ ಹಿಪ್ಪಿ ಯುವತಿ ಗೋಲ್ಡಿ, ಗೃಹಿಣಿಯರಿಗೆ ಸಲಹೆ ನೀಡುವ ನೆಪದಲ್ಲಿ ಮಾದಕವಸ್ತುಗಳ ಆಡುನುಡಿಯನ್ನು ಧಾರಾಳವಾಗಿ ಬಳಸುತ್ತಿದ್ದಳು. ಆ ಶ್ಲೇಷೆ ಎಳೆಯರಿಗೆ ತಿಳಿಯಿತು, ಕಚೇರಿಗೆ ತಿಳಿಯಲಿಲ್ಲ. ಪಾಟ್ ಪೌಲ್ಸನ್ ನಗದ ಮುಖದಿಂದ ‘ಸಂಪಾದಕೀಯ’ ಓದುತ್ತ, 1968ರಲ್ಲಿ ಅಧ್ಯಕ್ಷ ಪದವಿಯ ಅಣಕು ಉಮೇದುವಾರನೂ ಆದ.

1968ರ ಸೆಪ್ಟೆಂಬರಿನ ಬೆಲಫಾಂಟೆ ಪ್ರಸಂಗದಲ್ಲಿ ಈ ಮರೆಯೂ ಇರಲಿಲ್ಲ. ಆ ವರ್ಷ ಷಿಕಾಗೋದಲ್ಲಿ ನಡೆದ ಡೆಮಾಕ್ರಟಿಕ್ ಸಮಾವೇಶದ ಗಲಭೆಯ ದೃಶ್ಯಗಳ ಮುಂದೆ ನಿಂತು ಹ್ಯಾರಿ ಬೆಲಫಾಂಟೆ ಕಾರ್ನಿವಲ್ ಗೀತೆ ಹಾಡಿದ್ದ. ಇಡೀ ಭಾಗ ಹೋಯಿತು. ತೆರವಾದ ವೇಳೆಯಲ್ಲಿ ನಿಕ್ಸನ್ ಪರ ಪ್ರಚಾರ ಬಂತು. ಕಾರ್ನಿವಲ್ಲಿನ ಅಧಿಕಾರವಿರೋಧಿ ನಗೆಯನ್ನು ಸಿದ್ಧಾಂತವಾಗಿ ಬೋಧಿಸುವವರು ಗಮನಿಸಬೇಕಾದ ದೃಷ್ಟಾಂತವಿದು.

ಈ ಸೆನ್ಸಾರಿನ ಯಂತ್ರವನ್ನೂ ಅರಿಯಬೇಕು. ಜಾಲದ ಕಾರ್ಯಕ್ರಮ ಮನೆ ತಲುಪುತ್ತಿದ್ದುದು ಬಹುಪಾಲು ಸ್ಥಳೀಯ ಸಹಯೋಗಿ ಕೇಂದ್ರಗಳ ಮೂಲಕ. ಒಪ್ಪದ ಕಾರ್ಯಕ್ರಮವನ್ನು ಅವು ನಿರಾಕರಿಸಬಹುದಿತ್ತು; ಅವುಗಳ ಪರವಾನಗಿ ಮಾತ್ರ ಸರ್ಕಾರದ ಕೈಯಲ್ಲಿತ್ತು. ಹೀಗಾಗಿ ಪ್ರಭುತ್ವ ಆಜ್ಞೆ ಹೊರಡಿಸಬೇಕಾದ ಅಗತ್ಯವೇ ಬೀಳಲಿಲ್ಲ. ಡೇವಿಡ್ ಸ್ಟೈನ್‌ಬರ್ಗ್‌ನ ಮೋಸೆಸ್ ಕುರಿತ ಅಣಕು ಪ್ರವಚನಕ್ಕೆ ದೂರುಗಳು ಹರಿದುಬಂದವು. ಕೇಂದ್ರಗಳು ಮುಂಚಿತವಾಗಿ ನೋಡಲು ಅನುವಾಗುವಂತೆ ಟೇಪನ್ನು ಬೇಗ ಒಪ್ಪಿಸಬೇಕೆಂಬ ಷರತ್ತು ಬಿಗಿಯಾಯಿತು. 1969ರ ಏಪ್ರಿಲ್ 4ರಂದು ಸಿಬಿಎಸ್ ಅಧ್ಯಕ್ಷ ರಾಬರ್ಟ್ ವುಡ್ ಕಾರ್ಯಕ್ರಮವನ್ನು ಕೊನೆಗೊಳಿಸಿದಾಗ ಕೊಟ್ಟ ಕಾರಣವೂ ಅದೇ: ಟೇಪು ತಡವಾಯಿತು. ಅದರ ಜಾಗಕ್ಕೆ ಬಂದದ್ದು ‘ಹೀ ಹಾ’ ಎಂಬ ಗ್ರಾಮೀಣ ವಿನೋದಾವಳಿ. ಸಹೋದರರು ಮೊಕದ್ದಮೆ ಹೂಡಿ 1973ರಲ್ಲಿ 7,76,300 ಡಾಲರ್ ಪರಿಹಾರ ಪಡೆದರು. ಆದರೆ ಅದು ಕರಾರುಭಂಗದ ಗೆಲುವು. ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ದಿಟ್ಟ ಕಲಾವಿದರು, ಪುಕ್ಕಲು ಸಂಸ್ಥೆ ಎಂಬ ರೂಢಿಯ ಕಥನ ಇಲ್ಲಿ ಸಾಲದು. ಕತ್ತರಿಸಿದ್ದು ಸುದ್ದಿಯಾಗುತ್ತಿತ್ತು, ಸುದ್ದಿ ಮುಂದಿನ ವಾರದ ನಗೆಯಾಗುತ್ತಿತ್ತು. ಸೆನ್ಸಾರನೇ ಕಾರ್ಯಕ್ರಮದ ಅದೃಶ್ಯ ಪಾತ್ರಧಾರಿಯಾದ. ಆದ್ದರಿಂದ ಇಂಥ ಪಠ್ಯದ ಅಧ್ಯಯನಕ್ಕೆ ಮಾಧ್ಯಮ ಸಿದ್ಧಾಂತಕ್ಕಿಂತ ಗ್ರಂಥಸಂಪಾದನೆಯ ಶಿಸ್ತೇ ಹೆಚ್ಚು ಉಪಯುಕ್ತವಾದೀತು. ಚಿತ್ರೀಕರಿಸಿದ ಪಾಠ ಒಂದು, ಪ್ರಸಾರವಾದ ಪಾಠ ಇನ್ನೊಂದು. 2008ರಲ್ಲಿ ಬಂದ ಮೂರನೆಯ ಸರಣಿಯ ಡಿವಿಡಿಯಲ್ಲಿ ಬೆಲಫಾಂಟೆಯ ಹಾಡು ಮರಳಿದೆ. ಅದು ಕಲಾವಿದರ ಆಶಯಕ್ಕೆ ಹತ್ತಿರ, ನಿಜ. ಆದರೆ 1968ರ ಆ ಭಾನುವಾರ ನೋಡುಗರಿಗೆ ದೊರೆತದ್ದು ಲೋಪಸಹಿತವಾದ ಪಾಠ. ಸಂಶೋಧಕ ಮೂಲವಾಗಿ ಇಟ್ಟುಕೊಳ್ಳಬೇಕಾದದ್ದು ಆ ಲೋಪವನ್ನೇ. ಮರಳಿದ ಹಾಡಿಗೆ ಅಡಿಟಿಪ್ಪಣಿಯ ಸ್ಥಾನ ಸಾಕು.